ಎಸ್ಕ್ರೋ ಖಾತೆ: ಸ್ವತ್ತಿನ ಕ್ರಯದಲ್ಲಿ ಉಭಯ ಪಕ್ಷಗಳ ರಕ್ಷಣೆ

ಸ್ಥಿರಸ್ವತ್ತಿನ ವ್ಯವಹಾರದಲ್ಲಿ ಹೆಚ್ಚಿನ ಅಪಾಯವಿರುವುದು ಮುಂಗಡ ಕೊಟ್ಟ ದಿನದಿಂದ ಕ್ರಯಪತ್ರ ನೋಂದಣಿಯಾಗುವ ದಿನದವರೆಗಿನ ಅವಧಿಯಲ್ಲಿ. ಹಣ ಖರೀದಿದಾರನ ಕೈಬಿಟ್ಟಿರುತ್ತದೆ. ಸ್ವತ್ತು ಇನ್ನೂ ಆತನ ಹೆಸರಿಗೆ ಬಂದಿರುವುದಿಲ್ಲ. ವರ್ತಕರು ಮತ್ತು ಸಣ್ಣ ಕೈಗಾರಿಕೋದ್ಯಮಿಗಳು ಗೋದಾಮು ಅಥವಾ ಷೆಡ್ಡು ಕೊಳ್ಳುವಾಗ ಈ ಹಣವನ್ನು ಅನೇಕ ಬಾರಿ ದುಡಿಯುವ ಬಂಡವಾಳದಿಂದಲೇ ತೆಗೆದಿರುತ್ತಾರೆ. ಅದು ಸಿಲುಕಿಕೊಂಡರೆ ಕಟ್ಟಡ ಕೈತಪ್ಪುವುದಷ್ಟೇ ಅಲ್ಲದೆ, ನಡೆಯುತ್ತಿರುವ ವ್ಯಾಪಾರಕ್ಕೂ ಪೆಟ್ಟು ಬೀಳುತ್ತದೆ. ಈ ಅವಧಿಯಲ್ಲಿ ಉಭಯ ಪಕ್ಷಗಳಿಗೂ ರಕ್ಷಣೆ ನೀಡಬಲ್ಲ ಏರ್ಪಾಡೇ ಎಸ್ಕ್ರೋ.

ಕಾನೂನಿನ ರಕ್ಷಣೆ ಮತ್ತು ಅದರ ಮಿತಿ

1882ರ ಸ್ವತ್ತು ವರ್ಗಾವಣೆ ಅಧಿನಿಯಮದ 54ನೇ ಕಲಮಿನ ಪ್ರಕಾರ ಕ್ರಯದ ಕರಾರು ಮಾತ್ರದಿಂದಲೇ ಸ್ವತ್ತಿನ ಮೇಲೆ ಯಾವ ಹಕ್ಕೂ ಉಂಟಾಗುವುದಿಲ್ಲ. ಆದರೆ 55ನೇ ಕಲಂ ಇಬ್ಬರಿಗೂ ಒಂದು ಆಸರೆ ಒದಗಿಸಿದೆ. ಮುಂಗಡ ಕೊಟ್ಟ ಖರೀದಿದಾರನಿಗೆ ಆ ಮೊತ್ತದ ಮಟ್ಟಿಗೆ, ಮಾಲೀಕತ್ವ ವರ್ಗಾಯಿಸಿಯೂ ಪೂರ್ಣ ಹಣ ಪಡೆಯದ ಮಾರಾಟಗಾರನಿಗೆ ಬಾಕಿಯ ಮಟ್ಟಿಗೆ, ಸ್ವತ್ತಿನ ಮೇಲೆ ಋಣಭಾರದ ಹಕ್ಕು ದೊರೆಯುತ್ತದೆ. ತೊಡಕು ಇರುವುದು ಮುಂದಿನ ಹೆಜ್ಜೆಯಲ್ಲಿ. ಈ ಹಕ್ಕನ್ನು ಜಾರಿಗೊಳಿಸಲು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತದೆ. ದಾವೆ ಇತ್ಯರ್ಥವಾಗುವವರೆಗೆ ಕಾಯುವ ಶಕ್ತಿ ಸಣ್ಣ ಉದ್ಯಮಿಗೆ ಇರುವುದಿಲ್ಲ. ದಾವೆಯ ಪ್ರಸಂಗವೇ ಬಾರದಂತೆ ಹಣವನ್ನು ಮೊದಲೇ ಮೂರನೆಯವರ ವಶದಲ್ಲಿರಿಸುವುದು ಎಸ್ಕ್ರೋದ ಉದ್ದೇಶ.

ಎಸ್ಕ್ರೋ ಎಂದರೇನು?

ಎಸ್ಕ್ರೋ ಎಂಬ ಪದದ ಮೂಲ ಹಳೆಯ ಫ್ರೆಂಚ್ ಭಾಷೆಯಲ್ಲಿದ್ದು, ಪತ್ರದ ಸುರುಳಿ ಎಂಬ ಅರ್ಥ ಹೊಂದಿದೆ. ಆಂಗ್ಲ ಕಾನೂನಿನಲ್ಲಿ ಮೊದಲು ಮೂರನೆಯವರ ಬಳಿ ಇರಿಸಲಾಗುತ್ತಿದ್ದುದು ಸಹಿ ಮಾಡಿದ ಪತ್ರ. ಷರತ್ತು ಪೂರೈಸಿದ ಮೇಲಷ್ಟೇ ಆ ಪತ್ರ ಜಾರಿಗೆ ಬರುತ್ತಿತ್ತು. ಇಂದು ಹಣ, ಪತ್ರ ಎರಡನ್ನೂ ಹೀಗೆ ಇರಿಸಬಹುದು. ಖರೀದಿದಾರ, ಮಾರಾಟಗಾರ ಮತ್ತು ಎಸ್ಕ್ರೋ ಏಜೆಂಟ್ ಸೇರಿ ತ್ರಿಪಕ್ಷೀಯ ಕರಾರು ಮಾಡಿಕೊಳ್ಳುತ್ತಾರೆ. ನಮ್ಮ ದೇಶದಲ್ಲಿ ಸ್ವತ್ತಿನ ಎಸ್ಕ್ರೋಗೆಂದೇ ಪ್ರತ್ಯೇಕ ಅಧಿನಿಯಮವಿಲ್ಲ. 1872ರ ಭಾರತೀಯ ಕರಾರು ಅಧಿನಿಯಮದ ಆಧಾರದ ಮೇಲೆ, ಕರಾರಿನಲ್ಲಿ ಬರೆದಷ್ಟೇ ರಕ್ಷಣೆ. ಆದ್ದರಿಂದ ಖಾತೆ ಕೇವಲ ಪೆಟ್ಟಿಗೆ. ಅದರ ಬೀಗದ ಕೈ ಇರುವುದು ಕರಾರಿನ ಷರತ್ತುಗಳಲ್ಲಿ.

ಒಂದು ಉದಾಹರಣೆ

ಒಂದು ಕೈಗಾರಿಕಾ ಷೆಡ್ಡಿನ ಬೆಲೆ ರೂ. 80 ಲಕ್ಷ ಎಂದಿಟ್ಟುಕೊಳ್ಳೋಣ. ಮಾರಾಟಗಾರ ನಿವಾಸಿ ಭಾರತೀಯ. ಸದರಿ ಷೆಡ್ಡಿನ ಮೇಲೆ ಬ್ಯಾಂಕೊಂದರ ರೂ. 30 ಲಕ್ಷ ಸಾಲವಿದ್ದು, ಮೂಲ ಹಕ್ಕುಪತ್ರಗಳು ಆ ಬ್ಯಾಂಕಿನಲ್ಲಿವೆ. ಸಾಲ ತೀರಿಸದೆ ಪತ್ರ ಬಾರದು, ಖರೀದಿದಾರನ ಹಣವಿಲ್ಲದೆ ಸಾಲ ತೀರದು. ಇಂತಹ ಪ್ರಸಂಗದಲ್ಲಿ ಎಸ್ಕ್ರೋ ಹೀಗೆ ನಡೆಯುತ್ತದೆ:

1. ಮೊದಲು ಕ್ರಯದ ಕರಾರನ್ನು ನೋಂದಾಯಿಸಲಾಗುತ್ತದೆ. ಖರೀದಿದಾರ ಶೇ. 1ರ ಮೂಲದಲ್ಲಿ ತೆರಿಗೆ ಕಡಿತವಾದ ರೂ. 80 ಸಾವಿರವನ್ನು ಹೊರತುಪಡಿಸಿ, ರೂ. 79.20 ಲಕ್ಷವನ್ನು ಎಸ್ಕ್ರೋ ಖಾತೆಗೆ ಜಮಾ ಮಾಡುತ್ತಾನೆ.

2. ಸಾಲ ಕೊಟ್ಟ ಬ್ಯಾಂಕು ಬಾಕಿ ಮೊತ್ತವನ್ನು ಲಿಖಿತವಾಗಿ ತಿಳಿಸಿ, ಮೂಲ ಪತ್ರಗಳನ್ನು ನೇರವಾಗಿ ಎಸ್ಕ್ರೋ ಏಜೆಂಟರಿಗೆ ಒಪ್ಪಿಸಲು ಸಮ್ಮತಿಸಿದ ಮೇಲೆ ರೂ. 30 ಲಕ್ಷ ಸಾಲದ ಖಾತೆಗೆ ಸಂದಾಯವಾಗುತ್ತದೆ.

3. ಕ್ರಯಪತ್ರ ಖರೀದಿದಾರನ ಹೆಸರಿಗೆ ನೋಂದಣಿಯಾಗಿ, ಋಣಭಾರ ಪ್ರಮಾಣಪತ್ರದಲ್ಲಿ ಹಳೆಯ ಅಡಮಾನದ ವಿಮೋಚನೆ ಕಂಡುಬಂದ ಮೇಲೆ ಉಳಿದ ರೂ. 49.20 ಲಕ್ಷ ಮಾರಾಟಗಾರನಿಗೂ, ಮೂಲ ಪತ್ರಗಳು ಖರೀದಿದಾರನಿಗೂ ಸೇರುತ್ತವೆ.

ಎರಡನೇ ಹಂತದ ನಂತರ ಮಾರಾಟಗಾರ ಹಿಂದೆ ಸರಿದರೆ? ರೂ. 30 ಲಕ್ಷ ಮರಳಿ ಬರುವವರೆಗೆ ಮೂಲ ಪತ್ರಗಳನ್ನು ಆತನಿಗೆ ಕೊಡತಕ್ಕದ್ದಲ್ಲ ಎಂಬ ಷರತ್ತು ಮೊದಲೇ ಇರತಕ್ಕದ್ದು. ಈ ಒಂದು ವಾಕ್ಯ ಬಿಟ್ಟುಹೋದರೆ ಇಡೀ ಏರ್ಪಾಡು ದುರ್ಬಲವಾಗುತ್ತದೆ.

ಷರತ್ತುಗಳಲ್ಲಿ ಗಮನಿಸಬೇಕಾದ ಅಂಶಗಳು

ಅ) ಏಜೆಂಟ್ ನ್ಯಾಯಾಧೀಶನಲ್ಲ. "ಹಕ್ಕುಪತ್ರಗಳು ತೃಪ್ತಿಕರವೆಂದು ಕಂಡುಬಂದಲ್ಲಿ ಹಣ ಬಿಡುಗಡೆ" ಎಂಬ ಷರತ್ತು ವಿವಾದಕ್ಕೆ ಆಹ್ವಾನವಿದ್ದಂತೆ. ಯಾರಿಗೆ ತೃಪ್ತಿ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಯಾವ ದಾಖಲೆ, ಯಾವ ದಿನಾಂಕದೊಳಗೆ, ಯಾರು ಹಾಜರುಪಡಿಸಬೇಕು ಎಂದು ಸ್ಪಷ್ಟವಾಗಿ ನಮೂದಿಸತಕ್ಕದ್ದು.

ಆ) ಅಂತಿಮ ದಿನಾಂಕ ಇರಲೇಬೇಕು. ಆ ದಿನದೊಳಗೆ ಷರತ್ತು ಪೂರೈಸದಿದ್ದರೆ ಹಣ ಯಾರಿಗೆ ಮರಳಬೇಕು, ಬಡ್ಡಿ ಯಾರದು, ಏಜೆಂಟರ ಶುಲ್ಕ ಯಾರದು ಎಂಬುದನ್ನು ಬರೆದಿರಬೇಕು.

ಇ) ಕರಾರು ಅಧಿನಿಯಮದ 171ನೇ ಕಲಮಿನಂತೆ, ವಿರುದ್ಧವಾದ ಕರಾರು ಇಲ್ಲದಿದ್ದಲ್ಲಿ, ಬ್ಯಾಂಕು ತನಗೆ ಬರಬೇಕಾದ ಬಾಕಿಗಾಗಿ ತನ್ನ ವಶದಲ್ಲಿರುವ ಗ್ರಾಹಕನ ಆಸ್ತಿಯನ್ನು ತಡೆಹಿಡಿಯಬಹುದು. ಮಾರಾಟಗಾರನಿಗೆ ಸಾಲ ಕೊಟ್ಟ ಬ್ಯಾಂಕಿನಲ್ಲಿಯೇ ಎಸ್ಕ್ರೋ ಖಾತೆ ತೆರೆದರೆ ಈ ಅಪಾಯ ಹೆಚ್ಚು. ಎಸ್ಕ್ರೋ ಹಣದ ಮೇಲೆ ಬ್ಯಾಂಕಿಗೆ ಇಂತಹ ಹಕ್ಕಾಗಲಿ, ಹೊಂದಾಣಿಕೆಯ ಹಕ್ಕಾಗಲಿ ಇಲ್ಲವೆಂದು ಬರೆಯಿಸಿಕೊಳ್ಳುವುದು ಅವಶ್ಯ.

ಈ) ನೋಂದಣಿಗೆ ಮುನ್ನವೇ ಸ್ವಾಧೀನ ಪಡೆಯುವ ಆತುರ ಬೇಡ. ಕರ್ನಾಟಕದಲ್ಲಿ ಸ್ವಾಧೀನ ಸಹಿತವಾದ ಕ್ರಯದ ಕರಾರಿಗೆ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ ತಗಲುತ್ತದೆ.

ತೆರಿಗೆಯ ಹೊಣೆ

ರೂ. 50 ಲಕ್ಷ ಅಥವಾ ಅದಕ್ಕೂ ಮೇಲ್ಪಟ್ಟ ಬೆಲೆಯ ಸ್ವತ್ತಿಗೆ, ಗ್ರಾಮೀಣ ಕೃಷಿಭೂಮಿಯ ಹೊರತಾಗಿ, ಶೇ. 1ರ ತೆರಿಗೆ ಕಡಿತ 2013ರ ಜೂನ್ 1ರಿಂದ ಜಾರಿಯಲ್ಲಿದೆ. ಕಡಿತದ ಹೊಣೆ ಖರೀದಿದಾರನದೇ ಹೊರತು ಎಸ್ಕ್ರೋ ಬ್ಯಾಂಕಿನದಲ್ಲ. ಮಾರಾಟಗಾರ ಅನಿವಾಸಿಯಾಗಿದ್ದರೆ ನಿಯಮವೇ ಬೇರೆ, ದರವೂ ಹೆಚ್ಚು. ಮೇಲಾಗಿ, 2015ರ ಜೂನ್ 1ರಿಂದ ಸ್ವತ್ತಿನ ವ್ಯವಹಾರದಲ್ಲಿ ರೂ. 20 ಸಾವಿರ ಅಥವಾ ಹೆಚ್ಚಿನ ಮುಂಗಡವನ್ನು ನಗದಾಗಿ ಸ್ವೀಕರಿಸುವಂತಿಲ್ಲ.

ರೇರಾ ಖಾತೆ ಎಸ್ಕ್ರೋ ಅಲ್ಲ

2016ರ ಸ್ಥಿರಾಸ್ತಿ ಅಧಿನಿಯಮದ ಪ್ರಕಾರ ಖರೀದಿದಾರರಿಂದ ಬಂದ ಹಣದ ಶೇ. 70ನ್ನು ಬಿಲ್ಡರ್ ಪ್ರತ್ಯೇಕ ಖಾತೆಯಲ್ಲಿಡಬೇಕು. ಎಂಜಿನಿಯರ್, ವಾಸ್ತುಶಿಲ್ಪಿ ಮತ್ತು ಚಾರ್ಟರ್ಡ್ ಅಕೌಂಟೆಂಟ್ ದೃಢೀಕರಿಸಿದ ಮೇಲೆ, ಕಾಮಗಾರಿಯ ಪ್ರಗತಿಗೆ ಅನುಗುಣವಾಗಿ ಹಣ ತೆಗೆಯಬಹುದು. ಇದನ್ನೂ ಎಸ್ಕ್ರೋ ಎಂದು ಕರೆಯುವ ರೂಢಿಯಿದೆ. ಆದರೆ ಅಲ್ಲಿ ಹಣ ತೆಗೆಯಲು ಖರೀದಿದಾರನ ಒಪ್ಪಿಗೆ ಬೇಕಿಲ್ಲ. ಅದು ಯೋಜನೆಗೆ ರಕ್ಷಣೆಯೇ ಹೊರತು ಒಬ್ಬ ಖರೀದಿದಾರನ ಹಣಕ್ಕಲ್ಲ.

ಎಲ್ಲ ವ್ಯವಹಾರಕ್ಕೂ ಎಸ್ಕ್ರೋ ಬೇಕೆಂದಿಲ್ಲ. ಸ್ವತ್ತು ಋಣಮುಕ್ತವಾಗಿದ್ದು, ಹಣ ಸಂದಾಯ ಮತ್ತು ನೋಂದಣಿ ಒಂದೇ ದಿನ ನಡೆಯುವುದಾದರೆ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಡಿಮಾಂಡ್ ಡ್ರಾಫ್ಟ್ ಕೊಟ್ಟರೆ ಸಾಕು. ಅಡಮಾನ, ಅನುಮತಿ ಅಥವಾ ಖಾತೆ ಬದಲಾವಣೆಗಾಗಿ ಕಾಯಬೇಕಾದಲ್ಲಿ ಎಸ್ಕ್ರೋ ಶುಲ್ಕ ವ್ಯರ್ಥವಲ್ಲ. ಆಗಲೂ ಪರಿಚಿತ ದಲ್ಲಾಳಿಯ ಬಳಿ ನಂಬಿಕೆಯ ಮೇಲೆ ಹಣವಿಡದೆ ಷೆಡ್ಯೂಲ್ಡ್ ಬ್ಯಾಂಕನ್ನೇ ಆಯ್ದುಕೊಳ್ಳುವುದು, ಕರಾರಿಗೆ ಸಹಿ ಹಾಕುವ ಮುನ್ನ ಪ್ರತಿಯೊಂದು ಷರತ್ತನ್ನೂ ವಕೀಲರೊಡನೆ ಓದಿ ನೋಡುವುದು ಒಳಿತು.