ಅಪ್ಪನ ವಿಮೆ ಸಂಬಳಕ್ಕೆ ಸೇರಿದಾಗ

ಫೆಬ್ರುವರಿಯ ಒಂದು ಶುಕ್ರವಾರ ಸಂಜೆ ಎಚ್‌ಆರ್‌ನಿಂದ ಮೇಲ್ ಬಂತು. ಏಪ್ರಿಲ್ 1ರಿಂದ ಕಂಪನಿಯ ಗುಂಪು ಆರೋಗ್ಯ ವಿಮೆಯಲ್ಲಿ ಉದ್ಯೋಗಿಗಳ ತಂದೆ–ತಾಯಿ ಇರುವುದಿಲ್ಲ. ಬದಲಿಗೆ ಎಲ್ಲರಿಗೂ ವರ್ಷಕ್ಕೆ 30 ಸಾವಿರ ರೂಪಾಯಿ ಸಂಬಳದ ಜೊತೆ ಬರುತ್ತದೆ, ಬೇಕಾದ ಪಾಲಿಸಿಯನ್ನು ನೀವೇ ಆರಿಸಿಕೊಳ್ಳಿ ಎಂದು ಅದರಲ್ಲಿತ್ತು. ಹಿಂಜವಡಿಯ ನಮ್ಮ ಕ್ಯಾಂಟೀನಿನಲ್ಲಿ ಅವತ್ತು ಚಹಾದ ಹೊತ್ತಿಗೆ ಹಬ್ಬದ ಕಳೆ. ಪಕ್ಕದ ಟೀಮಿನ ಲಾತೂರಿನ ಹುಡುಗ, ವಯಸ್ಸು 25, ‘ಸರ್, ಕೇಳದೇ ಸಿಕ್ಕ ಇಂಕ್ರಿಮೆಂಟ್ ಇದು’ ಎಂದು ನಕ್ಕ. ನಿಜ ಹೇಳಬೇಕೆಂದರೆ, ಅರ್ಧ ಗಂಟೆ ನನಗೂ ಹಾಗೆಯೇ ಅನಿಸಿತ್ತು.

ವಾಕಡ್‌ನ ಮನೆಗೆ ಬಂದು ಲೆಕ್ಕಕ್ಕೆ ಕೂತಾಗ ನಗು ಹೋಯಿತು. ಅಪ್ಪನಿಗೆ 67 ವರ್ಷ. ಆರು ವರ್ಷದಿಂದ ಸಕ್ಕರೆ ಕಾಯಿಲೆ. ಎರಡು ವರ್ಷದ ಹಿಂದೆ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಹೃದಯಕ್ಕೆ ಸ್ಟೆಂಟ್ ಹಾಕಿಸಿದ್ದೆವು. ಪುಣೆಯಿಂದ ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ನಾನು ತಲುಪುವ ಹೊತ್ತಿಗೆ ಕಂಪನಿಯ ಕಾರ್ಡ್ ನಂಬರಿನ ಮೇಲೆ ಕ್ಯಾಷ್‌ಲೆಸ್ ಮಂಜೂರಾಗಿತ್ತು. ಸಕ್ಕರೆ ಎಷ್ಟು ವರ್ಷದ್ದು, ಮೊದಲೇಕೆ ಹೇಳಲಿಲ್ಲ ಎಂದು ಯಾರೂ ಕೇಳಿರಲಿಲ್ಲ.

ಶನಿವಾರದಿಂದ ವಿಮಾ ಕಂಪನಿಗಳಿಗೆ ಫೋನ್ ಮಾಡತೊಡಗಿದೆ. ಅವ್ವನಿಗೆ ಬಿಪಿ ಮಾತ್ರ, ಪಾಲಿಸಿ ಸಿಗುವಂತಿತ್ತು. ಅಪ್ಪನ ವಿಷಯದಲ್ಲಿ ಮೊದಲ ಕಂಪನಿ ಸ್ಟೆಂಟ್ ಎಂದ ಕೂಡಲೇ ಆಗುವುದಿಲ್ಲ ಎಂದಿತು. ಎರಡನೆಯದು ರಿಪೋರ್ಟ್ ತರಿಸಿಕೊಂಡು ತಿರಸ್ಕರಿಸಿತು. ಮೂರನೆಯದು ಒಪ್ಪಿತು: 5 ಲಕ್ಷದ ರಕ್ಷಣೆಗೆ ಅಪ್ಪನೊಬ್ಬನಿಗೇ ವರ್ಷಕ್ಕೆ 61 ಸಾವಿರ, ಸಕ್ಕರೆ ಮತ್ತು ಹೃದಯದ ಕಾಯಿಲೆಗೆ ಮೂರು ವರ್ಷ ಕಾಯಬೇಕು, ಬಿಲ್ಲಿನಲ್ಲಿ ಶೇ 20 ನಮ್ಮ ಕೈಯಿಂದ. ಇನ್ನು ಕಂಪನಿಯ 30 ಸಾವಿರವೋ, ಸಂಬಳಕ್ಕೆ ಸೇರಿದ ಮೇಲೆ ಅದಕ್ಕೂ ಆದಾಯ ತೆರಿಗೆ. ಕೈಗೆ ಬರುವುದು 24 ಸಾವಿರಕ್ಕೂ ಕಡಿಮೆ. ಅದೇ ಕಂಪನಿ ನೇರವಾಗಿ ಪ್ರೀಮಿಯಂ ಕಟ್ಟುತ್ತಿದ್ದಾಗ ನನಗೆ ಅದರ ಮೇಲೆ ತೆರಿಗೆ ಇರಲಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ 80ಡಿ ವಿನಾಯಿತಿಯೂ ಇಲ್ಲ.

ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ‘ತಮ್ಮಾ, ನನ್ನ ಸಲುವಾಗಿ ಅಷ್ಟ್ ರೊಕ್ಕ ಯಾಕ ಹಾಕ್ತೀ? ಈಗ ಆರಾಮ ಅದೀನಲ್ಲ. ನಿನ್ನ ಮನಿ ಕಂತು ಮೊದಲ ಕಟ್ಟು’ ಎಂದರು. ಆ ಮಾತು ಕೇಳಿ ನನಗೆ ನಿದ್ದೆ ಬರಲಿಲ್ಲ.

ಸೋಮವಾರ ನಾಲ್ಕೈದು ಜನ ಸೇರಿ ಎಚ್‌ಆರ್ ಬಳಿ ಹೋದೆವು. ಅವರ ವಾದ ತೀರಾ ಸುಳ್ಳೇನಲ್ಲ. 2024ರ ಏಪ್ರಿಲ್‌ನಿಂದ ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ಆರೋಗ್ಯ ವಿಮೆ ಕೊಳ್ಳಲು ಇದ್ದ 65 ವರ್ಷದ ಮಿತಿಯನ್ನು ತೆಗೆದಿದೆ. ಹಳೆಯ ಕಾಯಿಲೆಗೆ ಕಾಯಬೇಕಾದ ಗರಿಷ್ಠ ಅವಧಿ ನಾಲ್ಕು ವರ್ಷದಿಂದ ಮೂರಕ್ಕೆ ಇಳಿದಿದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗೆ ಜಿಎಸ್‌ಟಿ ಇಲ್ಲ, ಗುಂಪು ಪಾಲಿಸಿಗೆ ಮಾತ್ರ ಶೇ 18 ಹಾಗೇ ಇದೆ. ‘ಅಮೆರಿಕದಲ್ಲೂ ಈಗ ಇದೇ ನಡೆದಿದೆ’ ಎಂದೂ ಹೇಳಿದರು.

ಅಮೆರಿಕದ್ದನ್ನು ಓದಿ ನೋಡಿದೆ. ಅಲ್ಲಿ 2020ರ ಜನವರಿಯಿಂದ ಕಂಪನಿಗಳು ಗುಂಪು ವಿಮೆಯ ಬದಲು ನಿಗದಿತ ಮೊತ್ತ ಎತ್ತಿಟ್ಟು, ಉದ್ಯೋಗಿ ತಾನೇ ಕೊಂಡ ಪಾಲಿಸಿಯ ಖರ್ಚನ್ನು ಅದರಿಂದ ತುಂಬಿಕೊಡಬಹುದು. ಆ ಹಣಕ್ಕೆ ತೆರಿಗೆ ಇಲ್ಲ. ಅದಕ್ಕಿಂತ ಮುಖ್ಯವಾಗಿ, 2014ರಿಂದ ಅಲ್ಲಿನ ವಿಮಾ ಕಂಪನಿ ‘ನಿನಗೆ ಹಳೆಯ ಕಾಯಿಲೆ ಇದೆ’ ಎಂದು ಪಾಲಿಸಿ ನಿರಾಕರಿಸುವಂತಿಲ್ಲ, ಹೆಚ್ಚು ಪ್ರೀಮಿಯಂ ಕೇಳುವಂತೆಯೂ ಇಲ್ಲ. ನಮ್ಮಲ್ಲಿ ವಯಸ್ಸಿನ ಬಾಗಿಲು ತೆರೆದಿದೆ, ಆದರೆ ಒಳಗೆ ಬಿಡುವುದು ಬಿಡದಿರುವುದು ವಿಮಾ ಕಂಪನಿಗೇ ಬಿಟ್ಟದ್ದು. ಗುಂಪು ವಿಮೆಯಲ್ಲಿ ನಮಗೆ ಸಿಗುತ್ತಿದ್ದುದು ಬರೀ ದುಡ್ಡಲ್ಲ, ಪ್ರಶ್ನೆ ಕೇಳದೆ ಒಳಗೆ ಬಿಟ್ಟುಕೊಳ್ಳುವ ಸೌಲಭ್ಯ. ಅದಕ್ಕೆ 30 ಸಾವಿರ ಎಂದು ಬೆಲೆ ಕಟ್ಟಲಾಗುವುದಿಲ್ಲ.

ಇದನ್ನು ನಾನು ಮೊದಲು ಕಲಿತದ್ದು ಪುಣೆಯಲ್ಲಿ ಅಲ್ಲ. 2003ರಲ್ಲಿ ಯಶಸ್ವಿನಿ ಯೋಜನೆ ಶುರುವಾದಾಗ ಅಪ್ಪ ಧಾರವಾಡ ತಾಲ್ಲೂಕಿನ ನಮ್ಮೂರ ಸಹಕಾರ ಸಂಘದ ಕಾರ್ಯದರ್ಶಿ. ತಿಂಗಳಿಗೆ ಐದು ರೂಪಾಯಿಯ ಲೆಕ್ಕದಲ್ಲಿ ವರ್ಷಕ್ಕೆ 60 ರೂಪಾಯಿ ಸಂಗ್ರಹಿಸಬೇಕಿತ್ತು. ರಸೀದಿ ಪುಸ್ತಕ ಹಿಡಿದು ನಾನೂ ಜೊತೆಗೆ ಓಡಾಡಿದ್ದೇನೆ. ವರ್ಷ ಕಳೆದ ಮೇಲೆ ಒಬ್ಬರು, ‘ನಮ್ಮ ಮನ್ಯಾಗ ಯಾರಿಗೂ ಆಪರೇಷನ್ ಆಗಲಿಲ್ಲ, ರೊಕ್ಕ ಸುಮ್ಮನ ಹೋತಲ್ಲ?’ ಎಂದು ಜಗಳಕ್ಕೆ ಬಂದರು. ಅಪ್ಪ, ‘ಸುಮ್ಮನ ಹೋಗಿಲ್ಲಪಾ. ಮ್ಯಾಗಿನ ಓಣಿಯವರ ಆಪರೇಷನ್‌ಗೆ ಹೋಗೇತಿ. ನಾಳೆ ಅವರದು ನಿನಗ ಬರತೇತಿ’ ಎಂದಿದ್ದರು.

ಇಷ್ಟು ಗೊತ್ತಿದ್ದೂ ನಾನು ಮಾಡಿದ್ದೇನು? ಎಂಟು ವರ್ಷದ ಹಿಂದೆ, ಹಿಂದಿನ ಕಂಪನಿಯಲ್ಲಿ, ಸ್ವಂತ ದುಡ್ಡಿನಲ್ಲಿ ತಂದೆ–ತಾಯಿಯನ್ನು ಗುಂಪು ವಿಮೆಗೆ ಸೇರಿಸಲು ಅವಕಾಶವಿತ್ತು. ಆಗ ಅಪ್ಪ ಗಟ್ಟಿ ಇದ್ದರು. ‘ಬೇಡ’ ಎಂದು ಟಿಕ್ ಹಾಕಿದೆ. ಸಾಕಷ್ಟು ಜನ ಸೇರದೆ ಮರುವರ್ಷ ಆ ಸೌಲಭ್ಯವೇ ನಿಂತಿತು. ಅವತ್ತು ಯಾರ ಅಪ್ಪನಿಗೆ ಸ್ಟೆಂಟ್ ಇತ್ತೋ ನಾನು ಕೇಳಲಿಲ್ಲ.

ನಮ್ಮ ಒತ್ತಾಯಕ್ಕೆ ಎಚ್‌ಆರ್ ಒಂದು ದಾರಿ ಕೊಟ್ಟರು. ಭತ್ಯೆ ಹೇಗೂ ಬರುತ್ತದೆ, ಅದರ ಮೇಲೆ ಕೈಯಿಂದ ಹಾಕಿ ಪಾಲಕರಿಗೇ ಪ್ರತ್ಯೇಕ ಗುಂಪು ಪಾಲಿಸಿ ಮಾಡಿಕೊಳ್ಳಿ, ಆದರೆ ವಿಮಾ ಕಂಪನಿಗೆ ಕನಿಷ್ಠ 200 ಹೆಸರು ಬೇಕು ಎಂದರು. ಕಾಯಿಲೆ ಇರುವವರೇ ಸೇರಿದರೆ ಪ್ರೀಮಿಯಂ ಯಾರಿಗೂ ಎಟುಕದು. ಗಟ್ಟಿ ಇದ್ದವರೂ ಬರಬೇಕು. ಲಾತೂರಿನ ಹುಡುಗ ‘ನಮ್ಮಪ್ಪನಿಗೆ ಏನೂ ಇಲ್ಲ ಸರ್’ ಎಂದ. ನನ್ನ ಎಂಟು ವರ್ಷದ ಹಿಂದಿನ ಟಿಕ್ ಬಗ್ಗೆ ಅವನಿಗೆ ಹೇಳಿದೆ. ಮೂರು ದಿನ ಬಿಟ್ಟು ಬಂದು ಹೆಸರು ಬರೆದ. ಗಡುವಿನ ದಿನ 214 ಹೆಸರಾದವು. ಇಬ್ಬರು ಪಾಲಕರಿಗೆ ಜಿಎಸ್‌ಟಿ ಸೇರಿ 42 ಸಾವಿರ, ಬಿಲ್ಲಿನಲ್ಲಿ ಶೇ 10 ನಮ್ಮದು, ಹಳೆಯ ಕಾಯಿಲೆಗೂ ಮೊದಲ ದಿನದಿಂದಲೇ ರಕ್ಷಣೆ. ಮುಂದಿನ ವರ್ಷ ಮತ್ತೆ ಹೆಸರು ಕೂಡಿಸಬೇಕು.

ಊರು ಬಿಟ್ಟು ದುಡಿಯುವ ನಿಮಗೂ ಇಂಥ ಮೇಲ್ ಬರಬಹುದು. ಬಂದರೆ ಭತ್ಯೆಯ ಮೊತ್ತ ನೋಡುವ ಮೊದಲು ಅಪ್ಪ–ಅವ್ವನ ವೈದ್ಯಕೀಯ ಫೈಲು ತೆರೆಯಿರಿ. ಗುಂಪು ಪಾಲಿಸಿ ಮುಗಿಯುವ ಮುಂಚೆಯೇ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಗಲು ಅರ್ಜಿ ಹಾಕಿ. ಒಪ್ಪಿದರೆ, ಗುಂಪಿನಲ್ಲಿ ಕಳೆದ ವರ್ಷಗಳು ಕಾಯುವ ಅವಧಿಯಲ್ಲಿ ಕಳೆಯುತ್ತವೆ. ಅರ್ಜಿಯಲ್ಲಿ ಕಾಯಿಲೆ ಮುಚ್ಚಿಡಬೇಡಿ. ಪಾಲಿಸಿ ಸತತ ಐದು ವರ್ಷ ಪೂರೈಸುವವರೆಗೆ ಅದೇ ಕಾರಣಕ್ಕೆ ಕ್ಲೇಮ್ ತಿರಸ್ಕೃತವಾಗಬಹುದು. ಪಾಲಕರು ಗಟ್ಟಿ ಇರುವಾಗಲೇ ಅವರ ಹೆಸರಿನಲ್ಲಿ ಒಂದು ಸ್ವಂತ ಪಾಲಿಸಿ ಇರಲಿ. ಕೆಲಸ ಬದಲಿಸಿದರೂ ಅದು ನಿಮ್ಮ ಜೊತೆ ಬರುತ್ತದೆ.

ಹೆಸರು ಸೇರಿದ ಸುದ್ದಿ ಹೇಳಲು ಅಪ್ಪನಿಗೆ ಫೋನ್ ಮಾಡಿದೆ. ಎಲ್ಲ ಕೇಳಿ, ‘ಆ ಲಾತೂರ ಹುಡುಗನ ಅಪ್ಪ ಹೆಂಗದಾನ?’ ಎಂದರು. ‘ಗಟ್ಟಿ ಅದಾರಂತ’ ಎಂದೆ.

‘ಗಟ್ಟೀನ ಇರಲಿ. ಅಂವ ಗಟ್ಟಿ ಇದ್ರ ನನಗೂ ಚಲೋ ಅಲ್ಲೇನು?’