ಮಗ್ಗದ ಮನೆಯಿಂದ ಬಂದ ಕಾರು

ಶಿಡ್ಲಘಟ್ಟದ ಯಾವುದೇ ರೇಷ್ಮೆ ರೀಲಿಂಗ್ ಘಟಕದೊಳಗೆ ಕಾಲಿಟ್ಟರೂ ಮೊದಲು ಮೂಗಿಗೆ ಬಡಿಯುವುದು ಬೆಂದ ಗೂಡಿನ ವಾಸನೆ. ಬಿಸಿನೀರಿನ ತೊಟ್ಟಿಯಲ್ಲಿ ತೇಲುವ ಎಂಟು ಹತ್ತು ಗೂಡುಗಳ ಎಳೆಗಳನ್ನು ಹೆಣ್ಣುಮಗಳೊಬ್ಬಳು ಬೆರಳ ತುದಿಯಲ್ಲಿ ಹಿಡಿದು, ಸಣ್ಣ ತೂತಿನಲ್ಲಿ ತೂರಿಸಿ, ಮೇಲಿನ ರಾಟೆಗೆ ಕೊಡುತ್ತಾಳೆ. ಒಂದು ಗೂಡು ಮುಗಿಯಿತೆಂದರೆ ತಕ್ಷಣ ಇನ್ನೊಂದರ ಎಳೆ ಸೇರಿಸಬೇಕು, ಇಲ್ಲವಾದರೆ ನೂಲು ತೆಳುವಾಗುತ್ತದೆ. ಕಡಿದರಂತೂ ರಾಟೆ ನಿಲ್ಲಿಸಿ ಗಂಟು ಹಾಕಿಯೇ ಮುಂದಿನ ಮಾತು. ನಿಲ್ಲಿಸದೆ ಓಡಿಸಿದರೆ ಸಂಜೆ ತೂಕಕ್ಕೇನೋ ನೂಲು ಸಿಗುತ್ತದೆ. ಆದರೆ ಕೊಳ್ಳುವವನು ಲಡಿ ಬಿಚ್ಚಿ ಬೆಳಕಿಗೆ ಹಿಡಿದ ಕೂಡಲೇ ಬೆಲೆ ಬಿದ್ದುಹೋಗುತ್ತದೆ.

ಈ ಸೀಮೆಯ ಬಾಡಿಗೆ ಕಾರಿನವರು ಕಣ್ಣುಮುಚ್ಚಿ ನಂಬುವ ಟೊಯೋಟಾ ಕಂಪನಿಯ ಕಥೆ ಶುರುವಾಗುವುದೂ ಕಡಿದ ನೂಲಿನಿಂದಲೇ. ಸಕಿಚಿ ಟೊಯೋಡಾ ಹುಟ್ಟಿದ್ದು 1867ರಲ್ಲಿ, ಜಪಾನಿನ ಈಗಿನ ಶಿಜುವೊಕಾ ಪ್ರಾಂತ್ಯದ ಕೊಸಾಯಿಯಲ್ಲಿ. ತಂದೆ ಬಡಗಿ. ಮರದ ಕೆಲಸ ಕೈಗೆ ಹತ್ತಿದ್ದ ಹುಡುಗನ ತಲೆಯೆಲ್ಲ ಮಗ್ಗದ ಮೇಲೆ. 1891ರಲ್ಲಿ ಮರದ ಕೈಮಗ್ಗಕ್ಕೆ ಪೇಟೆಂಟ್ ಪಡೆದರು, 1896ರಲ್ಲಿ ಹಬೆಯಿಂದ ನಡೆಯುವ ಮಗ್ಗ ಮಾಡಿದರು. ಅವರ ಹೆಸರು ಸಮುದ್ರ ದಾಟಿದ್ದು 1924ರ ಜಿ ಮಾದರಿ ಸ್ವಯಂಚಾಲಿತ ಮಗ್ಗದಿಂದ. ಲಾಳಿಯ ನೂಲು ಮುಗಿಯುತ್ತಿದ್ದಂತೆ ಅದು ಓಡುತ್ತಲೇ ಬೇರೆ ಲಾಳಿ ಎತ್ತಿಕೊಳ್ಳುತ್ತಿತ್ತು. ಹಾಸಿನ ಎಳೆಯಾಗಲಿ ಹೊಕ್ಕಿನ ಎಳೆಯಾಗಲಿ ಕಡಿದರೆ ತಾನಾಗಿಯೇ ನಿಲ್ಲುತ್ತಿತ್ತು. ಮಗ್ಗಕ್ಕೊಬ್ಬರು ಕಾವಲು ನಿಲ್ಲುವುದು ತಪ್ಪಿತು. ಒಬ್ಬರೇ ಹತ್ತಾರು ಮಗ್ಗ ನೋಡಿಕೊಳ್ಳಬಹುದಾಯಿತು. 1929ರಲ್ಲಿ ಇಂಗ್ಲೆಂಡಿನ ಓಲ್ಡಮ್‌ನ ಪ್ಲಾಟ್ ಬ್ರದರ್ಸ್ ಕಂಪನಿ 1 ಲಕ್ಷ ಪೌಂಡ್ ಕೊಟ್ಟು ಇದರ ಹಕ್ಕು ಕೊಂಡುಕೊಂಡಿತು. ಲ್ಯಾಂಕಾಶೈರಿನ ಗಿರಣಿಗಳು ನಮ್ಮ ನೇಕಾರರ ಹೊಟ್ಟೆಯ ಮೇಲೆ ಹೊಡೆದದ್ದನ್ನು ಶಾಲೆಯಲ್ಲಿ ಓದಿಕೊಂಡು ಬಂದ ನಮ್ಮಂಥವರಿಗೆ ಈ ವ್ಯಾಪಾರದ ಸುದ್ದಿ ಸ್ವಲ್ಪ ಹೆಚ್ಚೇ ಖುಷಿ ಕೊಟ್ಟರೆ ತಪ್ಪೇನಿಲ್ಲ.

ಜಪಾನಿನ ಕಾರು ಕಂಪನಿಗಳ ಬೇರು ಹುಡುಕಿ ಹೊರಟರೆ ನೂಲಿನ ಎಳೆ ಮತ್ತೆ ಮತ್ತೆ ಕಾಲಿಗೆ ತೊಡರುತ್ತದೆ. ಕೊಸಾಯಿಯ ಪಕ್ಕದ ಹಮಾಮತ್ಸುವಿನಲ್ಲಿ ಮಿಚಿಯೊ ಸುಜುಕಿ 1909ರಲ್ಲಿ ತೆರೆದದ್ದು ಮಗ್ಗದ ಕಾರ್ಖಾನೆ. ಯುನೆಸ್ಕೊ ಪಟ್ಟಿ ಸೇರಿರುವ ತೊಮಿಯೊಕಾ ರೇಷ್ಮೆ ಗಿರಣಿಯಲ್ಲಿ ಇಂದಿಗೂ ನಿಂತಿರುವ ಸ್ವಯಂಚಾಲಿತ ರೀಲಿಂಗ್ ಯಂತ್ರಗಳ ಹೆಸರು ನಿಸ್ಸಾನ್. ಶಿಡ್ಲಘಟ್ಟದ ರೈತರಿಗೂ ಜಪಾನ್ ಹೊಸದಲ್ಲ. 1991ರಿಂದ 2007ರವರೆಗೆ ಜಪಾನಿನ ನೆರವಿನಲ್ಲಿ ನಡೆದ ದ್ವಿತಳಿ ರೇಷ್ಮೆ ಯೋಜನೆಯ ಬಿಳಿ ಗೂಡು ಇಲ್ಲಿನ ಹುಳುಮನೆಗಳಿಗೂ ಬಂತು.

ಸಕಿಚಿಯವರ ಮಗ ಕಿಚಿರೊಗೆ ಮಗ್ಗಕ್ಕಿಂತ ಮೋಟಾರಿನ ಹುಚ್ಚು. 1933ರಲ್ಲಿ ಅವರು ತಂದೆಯ ಮಗ್ಗದ ಕಂಪನಿಯೊಳಗೇ ಒಂದು ಮೋಟಾರು ವಿಭಾಗ ತೆರೆದು, ಷೆವ್ರೊಲೆ ಕಾರೊಂದನ್ನು ಬಿಚ್ಚಿ ಹರಡಿ ಕುಳಿತರು. 1935ರಲ್ಲಿ ಲಾರಿ, 1936ರಲ್ಲಿ ಎಎ ಹೆಸರಿನ ಕಾರು, 1937ರ ಆಗಸ್ಟ್ 28ರಂದು ಟೊಯೋಟಾ ಮೋಟಾರ್ ಕಂಪನಿ. ಮೊದಲ ಲಾರಿಗಳು ದಾರಿಯಲ್ಲೇ ಕೆಟ್ಟು ನಿಲ್ಲುತ್ತಿದ್ದವು. ಮಾರಿದವರೇ ಹಿಂದೆ ಓಡಿ ರಿಪೇರಿ ಮಾಡಿಕೊಡಬೇಕಾಗಿತ್ತು. ಹೀಗಿದ್ದೂ ಕಂಪನಿ ಉಳಿಯಿತೆಂದರೆ ಅದಕ್ಕೆ ಜಪಾನ್ ಸರ್ಕಾರದ ಕೈಯೂ ಕಾರಣ. ಅಲ್ಲಿನ ರಸ್ತೆಗಳಲ್ಲಿ ಆಗ ಮೆರೆಯುತ್ತಿದ್ದದ್ದು ಫೋರ್ಡ್ ಮತ್ತು ಜನರಲ್ ಮೋಟಾರ್ಸ್. 1936ರ ಕಾನೂನು ಆ ಎರಡಕ್ಕೂ ಮೂಗುದಾರ ಹಾಕಿ ಸ್ವದೇಶಿ ಕಂಪನಿಗಳಿಗೆ ಜಾಗ ಮಾಡಿಕೊಟ್ಟಿತು.

ಸರಿಯಾಗಿ ಅದೇ ವರ್ಷಗಳಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ಮುದ್ದೇನಹಳ್ಳಿಯವರೊಬ್ಬರು ಇದೇ ಕನಸು ಕಂಡಿದ್ದರು. ಸರ್ ಎಂ. ವಿಶ್ವೇಶ್ವರಯ್ಯನವರನ್ನು ನಾವು ಅಣೆಕಟ್ಟಿನ ಪಕ್ಕ ನಿಲ್ಲಿಸಿ ಹಾರ ಹಾಕಿ ಮುಗಿಸಿಬಿಟ್ಟಿದ್ದೇವೆ. 1898ರಲ್ಲೇ ಜಪಾನಿಗೆ ಹೋಗಿ ಅಲ್ಲಿನ ಕೈಗಾರಿಕೆ, ಶಾಲೆಗಳನ್ನು ಕಣ್ಣಾರೆ ಕಂಡು ಬಂದವರು ಅವರು. ಎಪ್ಪತ್ತು ದಾಟಿದ ಮೇಲೆ, 1935ರಲ್ಲಿ, ಮೋಟಾರು ಕಾರ್ಖಾನೆಗಳನ್ನು ನೋಡಲೆಂದೇ ಯುರೋಪು, ಅಮೆರಿಕ ಸುತ್ತಿದರು. ಬಂದು ಭಾರತದಲ್ಲಿ ಕಾರು ತಯಾರಿಸುವ ಯೋಜನೆ ಬರೆದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಗೂಡಿದರು. ಅಮೆರಿಕದ ಕ್ರೈಸ್ಲರ್ ಕಂಪನಿಯೊಂದಿಗೆ ಮಾತುಕತೆಯೂ ಆಯಿತು. ಕಾರ್ಖಾನೆಯನ್ನು ಮೈಸೂರು ಸಂಸ್ಥಾನದಲ್ಲಿ ಕಟ್ಟುವ ಮಾತು ಬಂದಾಗ ಸಂಸ್ಥಾನ ಕೈಜೋಡಿಸಲು ಮುಂದಾಗಿತ್ತು. ಬ್ರಿಟಿಷರ ಭಾರತ ಸರ್ಕಾರ ಅಡ್ಡ ಬಂತು. ವಾಲ್‌ಚಂದರು 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ತೆರೆದದ್ದು ವಿಮಾನದ ಕಾರ್ಖಾನೆ, ಅಂದರೆ ಇಂದಿನ ಎಚ್‌ಎಎಲ್. ಅವರ ಕಾರು ಕಂಪನಿ ಪ್ರೀಮಿಯರ್ ಆಟೊಮೊಬೈಲ್ಸ್ 1944ರಲ್ಲಿ ಮುಂಬೈ ಪಾಲಾಯಿತು.

ಕಿಚಿರೊಗೆ ಸಿಕ್ಕ ಸರ್ಕಾರ ವಿಶ್ವೇಶ್ವರಯ್ಯನವರಿಗೂ ಸಿಕ್ಕಿದ್ದರೆ ಏನಾಗುತ್ತಿತ್ತು ಎಂಬ ಲೆಕ್ಕ ಹಾಕಲು ನನಗೆ ಧೈರ್ಯವಿಲ್ಲ. ಸ್ವಾತಂತ್ರ್ಯಾನಂತರ ನಮ್ಮದೇ ಸರ್ಕಾರ ಕೊಟ್ಟ ರಕ್ಷಣೆಯಲ್ಲಿ ಅಂಬಾಸಡರ್ ದಶಕಗಟ್ಟಲೆ ಹಾಗೆಯೇ ಉಳಿದುಬಿಟ್ಟಿತಲ್ಲ. ರಕ್ಷಣೆಯೊಂದೇ ಸಾಲದು ಅನ್ನುವುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ.

ಟೊಯೋಟಾ ಕೂಡ ಒಮ್ಮೆ ಮುಳುಗುವುದರಲ್ಲಿತ್ತು. ಯುದ್ಧಾನಂತರ ಸಾಲ ಕುತ್ತಿಗೆಗೆ ಬಂದು, 1950ರಲ್ಲಿ ಮುಷ್ಕರ ನಡೆದು, ಸುಮಾರು 1,600 ಮಂದಿಯ ಕೆಲಸ ಹೋಗಿ, ಕಿಚಿರೊ ಹೊಣೆ ಹೊತ್ತು ಕುರ್ಚಿ ಬಿಟ್ಟರು. ಅವರ ಜಾಗಕ್ಕೆ ಬಂದ ತೈಜೊ ಇಶಿದಾ ಮಗ್ಗದ ಕಂಪನಿಯವರೇ. ಅಷ್ಟರಲ್ಲಿ ಕೊರಿಯಾ ಯುದ್ಧ ಶುರುವಾಗಿ ಅಮೆರಿಕದ ಸೇನೆ ಲಾರಿಗಳಿಗೆ ಆರ್ಡರ್ ಕೊಟ್ಟಿತು, ಕಂಪನಿ ಬದುಕಿಕೊಂಡಿತು. ಮಗ್ಗದ ಕಡೆಯಿಂದಲೇ ಬಂದಿದ್ದ ಇನ್ನೊಬ್ಬರು ತೈಚಿ ಓನೊ. ಎಳೆ ಕಡಿದರೆ ಮಗ್ಗ ನಿಲ್ಲುವ ಪಾಠವನ್ನು ಅವರು ಕಾರಿನ ಸಾಲಿಗೆ ತಂದರು. ಬೋಲ್ಟು ಸರಿ ಕೂರಲಿಲ್ಲವೆಂದು ಕಂಡ ಯಾವ ಕಾರ್ಮಿಕನೇ ಆಗಲಿ ತಲೆಯ ಮೇಲಿನ ಹಗ್ಗ ಎಳೆಯಬಹುದು. ದೀಪ ಹತ್ತುತ್ತದೆ, ಮೇಲಿನವರು ಓಡಿ ಬರುತ್ತಾರೆ, ಅಲ್ಲೇ ಸರಿಹೋಗದಿದ್ದರೆ ಸಾಲೇ ನಿಲ್ಲುತ್ತದೆ. ಕೇಳುವುದಕ್ಕೆ ಸುಲಭ. ಸಂಜೆಯೊಳಗೆ ಇಷ್ಟು ಕಾರು ಆಗಲೇಬೇಕೆಂದು ಮೇಲಿನಿಂದ ಒತ್ತಡ ಇರುವ ಕಾರ್ಖಾನೆಯಲ್ಲಿ ಕೆಳಗಿನ ಕೆಲಸಗಾರನಿಗೆ ಆ ಹಗ್ಗ ಎಳೆಯುವ ಧೈರ್ಯ ಕೊಡುವುದು ಸುಲಭವಲ್ಲ.

ಕರ್ನಾಟಕಕ್ಕೆ ಟೊಯೋಡಾ ಮನೆತನ ಮೊದಲು ಬಂದದ್ದೂ ಕಾರಿನೊಂದಿಗಲ್ಲ. ಕಿರ್ಲೋಸ್ಕರರ ಜೊತೆ ಸೇರಿ 1995ರಲ್ಲಿ ಬೆಂಗಳೂರಿನಲ್ಲಿ ಜವಳಿ ಯಂತ್ರಗಳ ಕಂಪನಿ ತೆರೆದರು. ಬೆಳಗಾವಿಯ ಸೈಕಲ್ ಅಂಗಡಿಯಿಂದ ಬೆಳೆದ ಕಿರ್ಲೋಸ್ಕರರು ನಮಗೆ ಹರಿಹರದ ಕಾರ್ಖಾನೆಯಿಂದ ಪರಿಚಿತರು. ಎರಡು ವರ್ಷದ ನಂತರ, 1997ರಲ್ಲಿ, ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಹುಟ್ಟಿತು. ಜಾಗ ಬಿಡದಿ, ಶಿಡ್ಲಘಟ್ಟದಂತೆಯೇ ದೊಡ್ಡ ರೇಷ್ಮೆಗೂಡಿನ ಮಾರುಕಟ್ಟೆಯಿರುವ ರಾಮನಗರದ ಪಕ್ಕದಲ್ಲೇ. 1999ರ ಕೊನೆಗೆ ಉತ್ಪಾದನೆ ಶುರುವಾಗಿ, 2000ದ ಜನವರಿಯಲ್ಲಿ ಕ್ವಾಲಿಸ್ ರಸ್ತೆಗಿಳಿಯಿತು.

ಕ್ವಾಲಿಸ್ ನೋಡಿ ಪೇಟೆಯ ಪತ್ರಿಕೆಗಳವರು ನಕ್ಕರು. ಇಂಡೋನೇಷ್ಯಾದಲ್ಲಿ ಕಿಜಾಂಗ್ ಎಂಬ ಹೆಸರಲ್ಲಿ ಓಡಿ ಹಳತಾಗಿದ್ದ ಗಾಡಿ, ಡಬ್ಬದಂಥ ಆಕಾರ, 2.4 ಲೀಟರಿನ ಹಳೆಯ ಕಾಲದ ಡೀಸೆಲ್ ಎಂಜಿನ್, 75 ಅಶ್ವಶಕ್ತಿ. ಚಿಂತಾಮಣಿಯ ಟ್ಯಾಕ್ಸಿ ಸ್ಟ್ಯಾಂಡಿನವರು ನಗಲಿಲ್ಲ. ಅವರ ಲೆಕ್ಕವೇ ಬೇರೆ. ಚಿಂತಾಮಣಿಯಿಂದ ಮದನಪಲ್ಲಿ, ಪೀಲೇರು ಹಾದು ತಿರುಪತಿ: ಇದು ಈ ಭಾಗದ ಬಾಡಿಗೆ ಗಾಡಿಗಳ ನಿತ್ಯದ ಹಾದಿ. ಮನೆಮಂದಿಯೆಲ್ಲ ಒಂದೇ ಗಾಡಿಯಲ್ಲಿ. ಹಿಂದಿನ ಸೀಟಿನಲ್ಲಿ ಮೊಮ್ಮಕ್ಕಳು, ಮುಂದೆ ಡ್ರೈವರ್ ಪಕ್ಕ ಮನೆಯ ಹಿರಿಯರು, ಮೇಲಿನ ಕ್ಯಾರಿಯರಿನಲ್ಲಿ ಹಾಸಿಗೆ, ಪಾತ್ರೆ, ಪುಳಿಯೋಗರೆ ಡಬ್ಬಿ. ರಾತ್ರಿ ಹೊರಟರೆ ಬೆಳಗಿನ ಜಾವ ಅಲಿಪಿರಿ ತಲುಪಬೇಕು, ಮುಡಿ ಕೊಟ್ಟು ದರ್ಶನ ಮುಗಿಸಿ ಬರುವಷ್ಟರಲ್ಲಿ ಡ್ರೈವರ್ ಸೀಟಿನಲ್ಲೇ ಒಂದು ನಿದ್ದೆ ತೆಗೆದಿರಬೇಕು, ಮರುದಿನ ಮದುವೆ ದಿಬ್ಬಣಕ್ಕೆ ಗಾಡಿ ಗೌರಿಬಿದನೂರಿನಲ್ಲಿರಬೇಕು. ಇಂಥ ಬದುಕಿನಲ್ಲಿ ಗಾಡಿ ಒಂದು ದಿನ ಗ್ಯಾರೇಜಿನಲ್ಲಿ ನಿಂತರೆ ರಿಪೇರಿ ಖರ್ಚಿನ ಜೊತೆ ಬಾಡಿಗೆಯೂ ಹೋಯಿತು, ಮುಂದಿನ ಸಲ ಕರೆಯುವ ಗಿರಾಕಿಯೂ ಹೋದ. ನಿಲ್ಲದ ಗಾಡಿಗೆ ಹೆಚ್ಚು ಬೆಲೆ ಕೊಟ್ಟರೂ ನಷ್ಟವಿಲ್ಲ ಎಂಬುದನ್ನು ಬಡ್ಡಿಗೆ ದುಡ್ಡು ತಂದು ಗಾಡಿ ಕೊಂಡವನು ಯಾವ ಪತ್ರಿಕೆಯನ್ನೂ ಓದದೆ ಕಂಡುಕೊಂಡ.

ಟೊಯೋಟಾದ ಹೆಸರು ನಮ್ಮಲ್ಲಿ ಹೀಗೆ ಬೆಳೆದದ್ದು ಮಾಲೀಕರ ಬಾಯಿಂದಲ್ಲ, ಅದರಲ್ಲಿ ಕೂಳು ದುಡಿದವರ ಬಾಯಿಂದ. ಜಾಹೀರಾತಿನಲ್ಲಿ ನಟನೊಬ್ಬ ಹೇಳಿದ್ದಕ್ಕಿಂತ, ಹೊತ್ತು ಹೊತ್ತಿಗೆ ಆಯಿಲ್ ಬದಲಿಸಿಕೊಂಡು ಮೂರು ನಾಲ್ಕು ಲಕ್ಷ ಕಿಲೋಮೀಟರು ಓಡಿಸಿದ ಡ್ರೈವರಣ್ಣ ಬೋಂಡಾ ಅಂಗಡಿಯ ಮುಂದೆ ಹೇಳಿದ್ದು ಹೆಚ್ಚು ಕೆಲಸ ಮಾಡಿತು. 2005ರಲ್ಲಿ ಕ್ವಾಲಿಸ್ ನಿಲ್ಲಿಸಿ ಇನ್ನೋವಾ ತಂದಾಗ, ಚೆನ್ನಾಗಿ ಮಾರಾಟವಾಗುತ್ತಿದ್ದ ಗಾಡಿಯನ್ನು ಯಾರಾದರೂ ನಿಲ್ಲಿಸುತ್ತಾರೆಯೇ ಎಂದು ಬೈದುಕೊಂಡವರು ಇದೇ ಜನ. ಆಮೇಲೆ ಇನ್ನೋವಾದ ಮೆತ್ತನೆ ಓಟಕ್ಕೆ ಮನಸೋತವರೂ ಇವರೇ. 2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಯಿತು, 2008ರ ಮೇ ತಿಂಗಳಲ್ಲಿ ಪಕ್ಕದ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂತು. ಹುಳು ಸಾಕುತ್ತಿದ್ದ, ದ್ರಾಕ್ಷಿ ತೋಟ ನೋಡಿಕೊಳ್ಳುತ್ತಿದ್ದ ಮನೆಗಳ ಎಷ್ಟೋ ಹುಡುಗರು ಹಳದಿ ಬೋರ್ಡಿನ ಗಾಡಿ ಹತ್ತಿದರು. ಬಿಳಿ ಬೋರ್ಡಿನ ಬಿಳಿ ಇನ್ನೋವಾದ ಕಥೆ ಬೇರೆ. ಅದು ನಾಲ್ಕೈದು ಒಟ್ಟಿಗೆ ಊರೊಳಗೆ ಬಂದರೆ ಚುನಾವಣೆ ಹತ್ತಿರ ಬಂತೆಂದು ಅರ್ಥ. ಫಾರ್ಚೂನರ್ ಬಂದರೆ ಅಭ್ಯರ್ಥಿಯೇ ಬಂದರೆಂದು.

ಇಷ್ಟೆಲ್ಲ ಹೊಗಳಿ, ಹೆಸರು ಕೆಟ್ಟ ಪ್ರಸಂಗಗಳನ್ನು ಬಿಟ್ಟರೆ ಅನ್ಯಾಯವಾಗುತ್ತದೆ. 2009-10ರಲ್ಲಿ ಕಾಲಡಿಯ ಮ್ಯಾಟು, ಆಕ್ಸಿಲರೇಟರ್ ಪೆಡಲಿನ ದೋಷಕ್ಕೆ ಲಕ್ಷಗಟ್ಟಲೆ ಕಾರುಗಳನ್ನು ವಾಪಸು ಕರೆಸಬೇಕಾಯಿತು. ಕಿಚಿರೊ ಅವರ ಮೊಮ್ಮಗ ಅಕಿಯೊ ಟೊಯೋಡಾ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಕ್ಷಮೆ ಕೇಳಿದರು. ಬಿಡದಿಯಲ್ಲಿ 2020ರ ನವೆಂಬರಿನಲ್ಲಿ ಕಾರ್ಮಿಕ ಮುಖಂಡರೊಬ್ಬರ ಅಮಾನತಿನಿಂದ ಶುರುವಾದ ಜಗಳ ಲಾಕೌಟ್ ತನಕ ಹೋಗಿ, ಕೆಲಸದ ಒತ್ತಡದ ದೂರುಗಳೆಲ್ಲ ಬೀದಿಗೆ ಬಂದು, ತಿಂಗಳುಗಟ್ಟಲೆ ಎಳೆದು 2021ರ ಮಾರ್ಚಿನಲ್ಲಿ ತಣ್ಣಗಾಯಿತು. ಹಗ್ಗ ಎಳೆಯುವ ಹಕ್ಕು ಕೊಟ್ಟ ಕಂಪನಿಗೆ ಕಾರ್ಮಿಕರ ಮಾತು ಕೇಳಿಸಿಕೊಳ್ಳುವುದು ಅಷ್ಟು ಕಷ್ಟವಾದದ್ದೇಕೆ ಎಂದು ಆಗ ಕೇಳಿದವರಿದ್ದರು, ಕೇಳಬೇಕಾದದ್ದೇ.

ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು 2024ರ ಜನವರಿಯ ಸುದ್ದಿ. ಮೂರು ಡೀಸೆಲ್ ಎಂಜಿನ್‌ಗಳ ಅಶ್ವಶಕ್ತಿ ಪರೀಕ್ಷೆಯಲ್ಲಿ ಅಕ್ರಮ ನಡೆದಿದೆಯೆಂದು ಬೆಳಕಿಗೆ ಬಂದು, ಟೊಯೋಟಾ ಆ ಎಂಜಿನ್ ಇರುವ ಗಾಡಿಗಳ ರವಾನೆ ನಿಲ್ಲಿಸಿತು. ನಮ್ಮಲ್ಲೂ ಇನ್ನೋವಾ ಕ್ರಿಸ್ಟಾ, ಫಾರ್ಚೂನರ್, ಹೈಲಕ್ಸ್ ಕೆಲಕಾಲ ತಡೆಯಲ್ಪಟ್ಟವು. ಅಕ್ರಮ ನಡೆದದ್ದು ಟೊಯೋಟಾ ಇಂಡಸ್ಟ್ರೀಸ್‌ನಲ್ಲಿ. 1926ರಲ್ಲಿ ಸಕಿಚಿ ಕಟ್ಟಿದ ಮಗ್ಗದ ಕಂಪನಿಯ ಇಂದಿನ ಹೆಸರು ಅದು. ಎಳೆ ಕಡಿದರೆ ನಿಲ್ಲುವ ಯಂತ್ರ ಕೊಟ್ಟ ಮನೆಯಲ್ಲೇ, ಎಳೆ ಕಡಿದದ್ದನ್ನು ಮುಚ್ಚಿ ಓಡಿಸಿದ್ದರು. ಗಾಡಿಗಳ ಗುಣಕ್ಕೆ ಕುಂದಿಲ್ಲ, ಬಳಸುತ್ತಿರುವವರು ನಿಲ್ಲಿಸಬೇಕಿಲ್ಲ ಎಂದು ಕಂಪನಿ ಹೇಳಿತು; ತನಿಖೆ ನಡೆಯಿತು, ರವಾನೆ ಮತ್ತೆ ಶುರುವಾಯಿತು. ಟ್ಯಾಕ್ಸಿ ಸ್ಟ್ಯಾಂಡುಗಳಲ್ಲಿ ಇದರಿಂದ ನಂಬಿಕೆಯೇನೂ ಕದಲಿದಂತೆ ಕಾಣಲಿಲ್ಲ. ಅಲ್ಲಿನವರು ಎಂಜಿನ್ನಿನ ಅಶ್ವಶಕ್ತಿಯನ್ನು ಕಾಗದದಲ್ಲಿ ನೋಡಿದವರಲ್ಲ, ಘಾಟಿ ಏರಿಸಿ ನೋಡಿದವರು.

ಈಗ ಅವರ ಮುಂದಿರುವ ತಲೆನೋವು ಬೇರೆ. ಸುಜುಕಿ ಜೊತೆಗಿನ ಒಪ್ಪಂದದಿಂದ ಬಲೆನೊ ಕಾರು ಗ್ಲಾಂಜಾ ಆಗಿ, ಎರ್ಟಿಗಾ ರೂಮಿಯನ್ ಆಗಿ ಟೊಯೋಟಾ ಅಂಗಡಿಗೆ ಬಂದಿವೆ. ಬಿಡದಿಯಲ್ಲಿ ತಯಾರಾಗುವ ಗ್ರ್ಯಾಂಡ್ ವಿಟಾರಾ ಮಾರುತಿ ಹೆಸರಿನಲ್ಲಿ ಹೊರಗೆ ಹೋಗುತ್ತದೆ. ಹಾಗಿರುವಾಗ ಮುಂದಿನ ಲಾಂಛನ ನೋಡಿ ಹೆಚ್ಚು ದುಡ್ಡು ಕೊಡಬೇಕೇ ಎಂಬುದು ಒಂದು ಪ್ರಶ್ನೆ. 2022ರಲ್ಲಿ ಬಂದ ಇನ್ನೋವಾ ಹೈಕ್ರಾಸ್‌ನಲ್ಲಿ ಡೀಸೆಲ್ ಎಂಜಿನ್ನೇ ಇಲ್ಲ, ಪೆಟ್ರೋಲ್ ಮತ್ತು ಹೈಬ್ರಿಡ್ ಮಾತ್ರ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಹೈಬ್ರಿಡ್ ಒಳ್ಳೆಯ ಮೈಲೇಜು ಕೊಡುತ್ತದೆಂದು ವಿಮಾನ ನಿಲ್ದಾಣದ ಬಾಡಿಗೆಯವರು ಒಪ್ಪುತ್ತಾರೆ. ಎಂಟು ಜನ, ಮೇಲೆ ಲಗೇಜು, ಮದನಪಲ್ಲಿ ದಾರಿ ಎಂದರೆ ಮಾತು ಬದಲಾಗುತ್ತದೆ: ಹೈಬ್ರಿಡ್ ಬ್ಯಾಟರಿ ನಾಲ್ಕು ಲಕ್ಷ ಕಿಲೋಮೀಟರಿಗೆ ಏನಾಗುತ್ತದೆಂದು ಓಡಿಸಿ ನೋಡಿದವರು ಇಲ್ಲಿ ಇನ್ನೂ ಸಿಕ್ಕಿಲ್ಲ. ಅಲ್ಲಿಯವರೆಗೆ ಸೆಕೆಂಡ್ ಹ್ಯಾಂಡ್ ಡೀಸೆಲ್ ಕ್ರಿಸ್ಟಾ ಎಲ್ಲಾದರೂ ಇದೆಯಾ ಎಂದು ಫೋನಿನಲ್ಲಿ ವಿಚಾರಿಸುತ್ತಲೇ ಇರುತ್ತಾರೆ.