ತಾಳ ತಪ್ಪಿದ ಹೃದಯಕ್ಕೆ ಬಿಸಿಯ ಒಡ್ಡು

‘ಸಾಹೇಬ್ರ, ಮಗ್ಗದ ಮುಂದ ಸುಮ್ನ ಕುಂತ್ರೂ ಎದಿ ಡವಡವ ಅಂತೈತ್ರಿ. ನಾಕ್ ಮೆಟ್ಲ ಹತ್ತಿದ್ರ ದಮ್ಮ ಹತ್ತತೈತ್ರಿ.’

ಬಾದಾಮಿಯ ನನ್ನ ದವಾಖಾನೆಗೆ ಬಂದಿದ್ದ ಗುಳೇದಗುಡ್ಡದ ಖಣ ನೇಯುವ ತಾಯಿಯೊಬ್ಬರ ಮಾತಿದು. ಮಣಿಕಟ್ಟು ಹಿಡಿದು ನೋಡಿದೆ. ನಾಡಿಗೆ ತಾಳವೇ ಇರಲಿಲ್ಲ. ಚಿಕ್ಕಂದಿನಲ್ಲಿ ಬಂದ ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ಕವಾಟ ಕಿರಿದಾಗಿತ್ತು. ಅದರ ಜೊತೆಗೆ ‘ಏಟ್ರಿಯಲ್ ಫಿಬ್ರಿಲೇಶನ್’ ಎಂಬ ಲಯದೋಷವೂ ಸೇರಿತ್ತು.

ಏನಿದು ಲಯದೋಷ? ವಿಶ್ರಾಂತಿಯಲ್ಲಿರುವ ಆರೋಗ್ಯವಂತರ ಹೃದಯ ನಿಮಿಷಕ್ಕೆ 60ರಿಂದ 100 ಬಾರಿ ಕ್ರಮವಾಗಿ ಬಡಿಯುತ್ತದೆ. ಈ ದೋಷವಿದ್ದಾಗ ಹೃದಯದ ಮೇಲಿನ ಕೋಣೆಗಳಾದ ಹೃತ್ಕರ್ಣಗಳಲ್ಲಿ ವಿದ್ಯುತ್ ಅಲೆಗಳು ಅಡ್ಡಾದಿಡ್ಡಿ ಸುತ್ತುತ್ತವೆ. ಹೃತ್ಕರ್ಣ ಸರಿಯಾಗಿ ಕುಗ್ಗದೆ ಬರೀ ನಡುಗುತ್ತದೆ. ಅಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ.

ಅಮೆರಿಕದ ಡಾ. ಜೇಮ್ಸ್ ಕಾಕ್ಸ್ 1987ರಲ್ಲಿ ‘ಮೇಜ್’ ಶಸ್ತ್ರಚಿಕಿತ್ಸೆ ಮಾಡಿದರು. ಹೃತ್ಕರ್ಣವನ್ನು ಹಲವೆಡೆ ಕತ್ತರಿಸಿ ಮತ್ತೆ ಹೊಲಿಯುವುದು ಅದರ ಕ್ರಮ. ಹೊಲಿದ ಜಾಗದ ಕಲೆಯನ್ನು ದಾಟಿ ವಿದ್ಯುತ್ ಹರಿಯದು. ಹೊಲದ ನೀರು ಕಂಡಕಂಡಲ್ಲಿ ನುಗ್ಗದಂತೆ ಒಡ್ಡು ಹಾಕುತ್ತೇವಲ್ಲ, ಹಾಗೆ. ಆದರೆ ಅದು ಬಹಳ ಹೊತ್ತು ಹಿಡಿಯುವ, ಕಷ್ಟದ ಕೆಲಸ.

2002ರಿಂದ ಆ ಕತ್ತರಿಯ ಬಹುಪಾಲು ಕೆಲಸವನ್ನು ರೇಡಿಯೋ ಫ್ರೀಕ್ವೆನ್ಸಿ ಉಪಕರಣ ವಹಿಸಿಕೊಂಡಿತು. ಮನೆಯ ಕರೆಂಟಿನ ಆವರ್ತನ ಸೆಕೆಂಡಿಗೆ 50, ಇದರದು ಲಕ್ಷಗಟ್ಟಲೆ. ಆದ್ದರಿಂದ ಇದು ಷಾಕ್ ಹೊಡೆಯದೆ, ಮಾಂಸವನ್ನು ಬಿಸಿ ಮಾಡುತ್ತದೆ. ಶಾಖ 50 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಜೀವಕೋಶಗಳು ಸತ್ತು ಕಲೆಯಾಗುತ್ತದೆ. ಇಕ್ಕಳದಂಥ ಉಪಕರಣದ ಎರಡು ದವಡೆಗಳ ನಡುವೆ ಹೃತ್ಕರ್ಣದ ಗೋಡೆಯನ್ನು ಹಿಡಿದರೆ ಕರೆಂಟು ಅಷ್ಟರಲ್ಲೇ ಹರಿಯುತ್ತದೆ. ಪಕ್ಕದ ಅನ್ನನಾಳಕ್ಕೆ ಅಪಾಯ ಕಡಿಮೆ. ಸುಟ್ಟದ್ದು ಗೋಡೆಯ ಪೂರ್ತಿ ದಪ್ಪಕ್ಕೆ ಮುಟ್ಟಿತೇ ಎಂದು ಯಂತ್ರ ಅಳೆಯುತ್ತದೆ. ಒಡ್ಡಿನಲ್ಲಿ ಸಣ್ಣ ಬಿರುಕು ಉಳಿದರೂ ಅಲೆ ಮತ್ತೆ ನುಗ್ಗೀತು.

ಇದಕ್ಕಾಗಿಯೇ ಎಲ್ಲರೂ ಎದೆ ತೆರೆಸಬೇಕಿಲ್ಲ. ಅನೇಕರಿಗೆ ಮಾತ್ರೆ ಸಾಕು; ಕೆಲವರಿಗೆ ತೊಡೆಯ ರಕ್ತನಾಳದ ಮೂಲಕ ತೂರಿಸುವ ಕೆಥೀಟರಿನಿಂದಲೇ ಚಿಕಿತ್ಸೆ ಆಗುತ್ತದೆ. ಆದರೆ ಕವಾಟದ ಆಪರೇಷನ್ನಿಗೆಂದು ಬೆಳಗಾವಿಗೋ ಧಾರವಾಡಕ್ಕೋ ಬೆಂಗಳೂರಿಗೋ ಹೊರಟವರು ಒಂದು ಮಾತು ಮೊದಲೇ ಕೇಳಿ: ‘ನನ್ನ ಲಯದೋಷಕ್ಕೂ ಇದೇ ವೇಳೆ ಚಿಕಿತ್ಸೆ ಸಾಧ್ಯವೇ? ಅದರ ಉಪಕರಣ ಇಲ್ಲಿದೆಯೇ?’ ಎದೆ ಮುಚ್ಚಿದ ಮೇಲೆ ಕೇಳಿದರೆ ತಡವಾಯಿತು. ಕೆಲವರಿಗೆ ಆನಂತರ ಪೇಸ್‌ಮೇಕರ್ ಬೇಕಾಗಬಹುದು, ಲಯದೋಷ ಮರುಕಳಿಸಲೂಬಹುದು. ಅದನ್ನೂ ಕೇಳಿ ತಿಳಿದುಕೊಳ್ಳಿ.

ಆ ತಾಯಿ ಕೇಳಿದರು. ಎರಡೂ ಒಂದೇ ಸಲ ಆಯಿತು. ಈಗ ನಾಡಿ ತಾಳಕ್ಕೆ ಬಂದಿದೆ. ಆದರೂ ರಕ್ತ ಹೆಪ್ಪುಗಟ್ಟದ ಮಾತ್ರೆ ಬಿಟ್ಟಿಲ್ಲ, ರಕ್ತಪರೀಕ್ಷೆ ತಪ್ಪಿಸಿಲ್ಲ. ಲೋಹದ ಕವಾಟ ಹಾಕಿಸಿಕೊಂಡವರಿಗಂತೂ ಆ ಮಾತ್ರೆ ಜೀವನಪರ್ಯಂತ ಬೇಕು.

ಇಂದೇ ನಿಮ್ಮ ಮನೆಯ ಹಿರಿಯರ ನಾಡಿಯನ್ನು ಒಂದು ನಿಮಿಷ ಹಿಡಿದು ನೋಡಿ. ತಾಳ ತಪ್ಪಿದ್ದರೆ ಇಸಿಜಿ ಮಾಡಿಸಿ. ಮಕ್ಕಳಿಗೆ ಗಂಟಲುನೋವು, ಜ್ವರ ಬಂದರೆ ಅಲಕ್ಷಿಸಬೇಡಿ. ಕವಾಟದ ಕಾಯಿಲೆ ಎಷ್ಟೋ ಸಲ ಅಲ್ಲಿಂದಲೇ ಶುರುವಾಗುತ್ತದೆ.